ಈಜುಕೊಳದ ಕಂದು ಕಲೆ

ತಮ್ಮ ಮೊಮ್ಮಗಳು ಭೀಮಾ ನದಿಯಲ್ಲಿ ಮುಳುಗಿ ತೀರಿಕೊಂಡ ಮರುವರ್ಷ ನಮ್ಮ ಸಾಹುಕಾರರು ತಾವು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ಹಿಂದೆ ಒಂದು ಸಣ್ಣ ಈಜುಕೊಳ ಕಟ್ಟಿಸಿದರು. ಎಂಬತ್ತರ ದಶಕದ ಮಾತು. ಅಫಜಲಪುರ ತಾಲೂಕಿನ ಆ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಗೊಬ್ಬೂರಿನ ತವರಿನಲ್ಲಿ ಬಾವಿಯಲ್ಲಿ ಈಜಿ ಬೆಳೆದವಳೆಂದು ಈಜು ಕಲಿಸುವ ಕೆಲಸವನ್ನೂ ನನಗೇ ಹಚ್ಚಿದರು.

ಕೊಳಕ್ಕೆ ಹೊಸ ಬೋರಿನ ನೀರು. ಕನ್ನಡಿಯಂತೆ ತಿಳಿಯಾಗಿತ್ತು. ಸೊಲ್ಲಾಪುರದಿಂದ ಬಿಳಿ ತೇಲುಹಲಗೆಗಳು, ಬಿಳಿ ಗುಂಡು ಪೋಣಿಸಿದ ಹಗ್ಗ, ಒಂದು ಸ್ಟೀಲಿನ ಏಣಿ ಬಂದವು. ಮೊದಲ ಎರಡು ವಾರ ಪೇಟೆಯ ವರ್ತಕರ, ಹೊಲಮನೆ ಉಳ್ಳವರ ಹುಡುಗಿಯರಷ್ಟೇ ಬಂದರು. ಸಾಹುಕಾರರಿಗೆ ಅದು ಸರಿಬರಲಿಲ್ಲ.

"ಮುಳುಗೋ ಕೂಸಿಗೆ ಜಾತಿ ಇರ್ತದೇನ್ರಿ ಬಾಯಾರ? ಬೌದ್ಧರ ಓಣಿ ಹುಡುಗ್ಯಾರನ್ನೂ ಕರೀರಿ," ಎಂದು ನನಗೆ ಹೇಳಿದರು.

ಮೂರನೆಯ ವಾರ, ಬೌದ್ಧರಾದ ದಲಿತರ ಆ ಓಣಿಯ ಐವರು ಬಂದರು. ಅವರಲ್ಲಿ ಏಳನೆಯ ತರಗತಿಯ ಒಬ್ಬಳು ನಾಲ್ಕೇ ದಿನಕ್ಕೆ ಹಲಗೆ ಬಿಟ್ಟು ಆಚೆ ದಂಡೆ ಮುಟ್ಟಿದಳು. ಮೇಲೆ ಬಂದವಳ ನಗು ನೋಡಿ ನನಗೂ ನಗು ತಡೆಯಲಾಗಲಿಲ್ಲ. ಅದೇ ವಾರ ನೀರು ಪಾಚಿಯ ವಾಸನೆ ಹೊಡೆಯತೊಡಗಿತ್ತೆಂದು ಜವಾನನಿಗೆ ಹೇಳಿ ಬ್ಲೀಚಿಂಗ್ ಪೌಡರ್ ಹಾಕಿಸಲು ಶುರುಮಾಡಿದ್ದೆ.

ವಾರ ಕಳೆಯುವುದರಲ್ಲಿ ಹಲಗೆಗಳ ಮೇಲೆ ಕಂದು ಕಲೆ ಮೂಡಿತು. ಹಗ್ಗದ ಗುಂಡುಗಳು ಮಾಸಿದವು. ಏಣಿಯ ನೀರೊಳಗಿನ ಮೆಟ್ಟಿಲುಗಳಿಗೆ ಕೆಮ್ಮಣ್ಣು ಬಳಿದಂತಾಯಿತು. ವರ್ತಕರ ಮನೆಯ ಒಬ್ಬ ತಾಯಿ ಶಾಲೆಗೆ ಬಂದು, ಒಂದು ಹಲಗೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು.

"ಇವು ಬೆಳ್ಳಗಿದ್ದಿಲ್ಲೇನ್ರಿ ಬಾಯಾರ? ಆ ಹುಡುಗ್ಯಾರು ಬಂದ ಮ್ಯಾಲೆ ಹಿಂಗಾಗ್ಯಾವ. ನಾ ಏನೂ ಹೇಳಂಗಿಲ್ಲ, ನೀವ ನೋಡ್ರಿ."

ಹಾಗೆಲ್ಲ ಆಗುವುದಿಲ್ಲವೆಂದು ನಾನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಬೆಳಿಗ್ಗೆ ಆ ಐವರನ್ನು ಸಾಲಾಗಿ ನಿಲ್ಲಿಸಿ ಅಂಗೈ, ಅಂಗಾಲು ತಿರುವಿ ನೋಡಿದೆ. ಸೋಪು ಕೊಟ್ಟು ನಲ್ಲಿಯ ಕೆಳಗೆ ತೊಳೆದುಕೊಂಡು ಬನ್ನಿರೆಂದೆ. ಉಳಿದವರು ದಂಡೆಯ ಮೇಲೆ ಕುಳಿತು ನೋಡುತ್ತಿದ್ದರು. ಆಚೆ ದಂಡೆ ಮುಟ್ಟಿದ್ದ ಆ ಹುಡುಗಿಯ ಕೈ ಮೊದಲೇ ಸ್ವಚ್ಛವಾಗಿತ್ತು. ಆದರೂ ಎರಡು ಸಲ ತೊಳೆದಳು. ಸ್ವಚ್ಛತೆ ಕಲಿಸುವುದು ಒಳ್ಳೆಯದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿದವರಿಗೆ ಯಾಕೆ ಕಲಿಸಲಿಲ್ಲವೆಂದು ಯಾರೂ ಕೇಳಲಿಲ್ಲ.

ಮರುದಿನದಿಂದ ಐವರೂ ಕೊಳಕ್ಕೆ ಬರಲಿಲ್ಲ. ಕಲೆ ಮಾತ್ರ ದಿನದಿನಕ್ಕೆ ದಟ್ಟವಾಗುತ್ತ ಹೋಯಿತು. ನಾಲ್ಕನೆಯ ದಿನ ಜವಾನ ಪೌಡರ್ ಚೆಲ್ಲುತ್ತಿದ್ದಾಗ ಕಲೆ ಮೂಡಿದ್ದು ಪೌಡರ್ ಹಾಕಲು ಶುರುಮಾಡಿದ ಮೇಲೆಯೇ ಎಂದು ಹೊಳೆಯಿತು. ಬೋರಿನ ನೀರನ್ನು ಎರಡು ಬಕೆಟ್ ತುಂಬಿಸಿ ಒಂದಕ್ಕೆ ಮಾತ್ರ ಪೌಡರ್ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಅದರ ನೀರು ಕೆಂಪಗೆ ತಿರುಗಿತ್ತು. ಅದ್ದಿದ ಬಿಳಿ ಕರವಸ್ತ್ರ ಕಂದಾಗಿ ಹೊರಬಂತು. ನೀರಿನಲ್ಲಿ ಕಣ್ಣಿಗೆ ಕಾಣದೆ ಕರಗಿದ್ದ ಕಬ್ಬಿಣ ಪೌಡರು ತಾಗಿ ತುಕ್ಕಾಗಿ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಹತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಮೊದಲು ಮಕ್ಕಳ ಕೈ ನೋಡಬೇಕೆನಿಸಿತ್ತು, ನೀರನ್ನಲ್ಲ.

ನಾನು ಹೇಳಿದ್ದು ಕೇಳಿ ಸಾಹುಕಾರರು ವರ್ತಕರ ಮನೆಯ ಆ ತಾಯಿಯನ್ನು ಕರೆಸಿ ಬಕೆಟ್ ತೋರಿಸಿದರು. ಆಕೆ ಬಗ್ಗಿ ನೋಡಿದರು.

"ಇರಬಹುದ್ರಿ. ಆದ್ರೂ ಅವರಿಗೆ ಬ್ಯಾರೆ ದಿನ ಇಟ್ರ ಛಲೋ."

"ಇಳಿದ್ರ ಎಲ್ಲಾರೂ ಕೂಡಿ ಇಳೀಬೇಕು. ಇಲ್ಲಂದ್ರ ಈ ಕೊಳಾನ ಮುಚ್ಚಿಸ್ತೇನಿ," ಎಂದರು ಸಾಹುಕಾರರು.

ಅಂದೇ ಸಂಜೆ ನಾನು ಬೌದ್ಧರ ಓಣಿಗೆ ಹೋದೆ. ಆ ಹುಡುಗಿಯ ತಾಯಿ ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಹುಡುಗಿಯರ ಕೈ ನೋಡಿ ತೊಳೆಸಿದ್ದನ್ನು ಹೇಳಿ, ತಪ್ಪು ನನ್ನದು, ಮಗಳನ್ನು ಕಳಿಸಿರಿ ಎಂದೆ.

"ನೀವು ಕೈ ನೋಡಿದ ದಿನ ಮನಿಗಿ ಬಂದು ಇಟ್ಟಿಗಿ ತುಂಡಿಲೆ ಕೈ ತಿಕ್ಕೊಂಡಾಳ್ರಿ. ತೊಗಲು ಕಿತ್ತದ. ಯಾಕಂತ ಕೇಳಿದ್ರ ಒಂದು ಮಾತ ಆಡವಲ್ಲಳು. ಈಗ ನಿಮ್ಮ ಬಾಯಿಲೆ ಗೊತ್ತಾತು."

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. "ಬಾರವ್ವಾ," ಎಂದು ಕರೆದೆ.

"ನನಗ ಈಜು ಬ್ಯಾಡ್ರಿ ಬಾಯಾರ," ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವೆನಿಸುತ್ತಿತ್ತು.

ಉಳಿದ ನಾಲ್ವರು ಮತ್ತೆ ಬಂದು ಆ ಬೇಸಿಗೆಯಲ್ಲಿ ಈಜು ಕಲಿತರು. ವರ್ತಕರ ಮನೆಯ ಆ ತಾಯಿ ತಮ್ಮ ಮಗಳನ್ನು ಈಜಿನಿಂದ ಬಿಡಿಸಿಕೊಂಡರು. ಈಜು ಬೇಡವೆಂದ ಹುಡುಗಿ ವರ್ಷ ಮುಗಿಯುವವರೆಗೆ ನನ್ನ ತರಗತಿಯಲ್ಲೇ ಕುಳಿತಳು. ಕೇಳಿದ್ದಕ್ಕೆ ಎದ್ದು ನಿಂತು ಸರಿಯಾದ ಉತ್ತರ ಕೊಡುತ್ತಿದ್ದಳು. ತಾನಾಗಿ ನನ್ನೊಡನೆ ಒಂದು ಮಾತೂ ಆಡಲಿಲ್ಲ.