ಹರಳು ಆರಿಸುತ್ತಿದ್ದ ಮೇಡಂ

ಸ್ತನ ಮತ್ತು ಕರುಳಿನ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಆ ಡಾಕ್ಟರ್ ಮೇಡಂ ಅವರನ್ನು ನಮ್ಮ ಇಂಗಳೇಶ್ವರದ ಮನೆಮನೆಗೆ ಕರೆದೊಯ್ದವಳು ಆಶಾ ಕಾರ್ಯಕರ್ತೆಯಾದ ನಾನು. ಯಾರ ಮನೆಗೆ ಹೋದರೂ ಅವರು ಕೂಡಲೇ ಚೀಲದಿಂದ ಪ್ರಶ್ನೆಗಳ ಫಾರ್ಮು ತೆಗೆಯುತ್ತಿರಲಿಲ್ಲ. “ಮೊದಲ ನನ್ನ ಕೈಗೊಂದು ಕೆಲಸ ಕೊಡ್ರಿ” ಎಂದು ನೆಲದ ಮೇಲೆ ಕೂತು, ಮೊರದಲ್ಲಿದ್ದ ಜೋಳದೊಳಗಿನ ಸಣ್ಣ ಕಲ್ಲು, ಹರಳು ಆರಿಸುತ್ತಿದ್ದರು. ನನಗೆ ರೇಗುತ್ತಿತ್ತು. ಹೀಗಾದರೆ ಊರು ಮುಗಿಯುವುದು ಯಾವಾಗ?

ಕೊನೆಗೆ ನಮ್ಮ ಮನೆಗೂ ಬಂದರು. ಅವ್ವನ ಎದುರಿಗೆ ಕೂತು ಅದೇ ಮಾತು, ಅದೇ ಕೆಲಸ. ನಾನು ಒಳಗೆ ಚಹಾ ಕಾಸುತ್ತಿದ್ದೆ. ಅವ್ವನ ದನಿ ಕೇಳಿಸಿತು.

“ಎದಿಯಾಗ ಒಂದು ಗಂಟೈತ್ರಿ. ಮಗಳ ಮುಂದೂ ಹೇಳಿಲ್ಲ.”

ಊರಿಗೆಲ್ಲ ಕ್ಯಾನ್ಸರ್ ಲಕ್ಷಣ ಹೇಳಿಕೊಂಡು ತಿರುಗುವ ಮಗಳು ನಾನು.

ಬಾಗಿಲಿಂದ ಇಣುಕಿದೆ. ಮೇಡಂ ತಲೆ ಎತ್ತಿರಲಿಲ್ಲ. ಇನ್ನೊಂದು ಹರಳು ಆರಿಸಿ, “ಯಾವಾಗಿಂದ ಐತ್ರಿ ಯವ್ವಾ?” ಎಂದರು.

ಸಂಶೋಧನೆ ಅಚ್ಚಾದ ಮೇಲೆ ಒಂದು ಪ್ರತಿ ತಂದುಕೊಟ್ಟರು. ಇಂಗ್ಲಿಷು ಬಲ್ಲವರಿಂದ ಓದಿಸಿ ಕೇಳಿದೆ. ಅಂಕಿಗಳಿದ್ದವು, ಮೊರದ ಮಾತು ಎಲ್ಲೂ ಇರಲಿಲ್ಲ.

ಆಪರೇಷನ್ ಆಗಿ ಅವ್ವ ಆರಾಮಾಗಿದ್ದಾಳೆ. ಈಗ ಅವಳು ಮೊರ ಹಿಡಿದರೆ ನಾನು ಫೋನು ಬದಿಗಿಟ್ಟು ಎದುರಿಗೆ ಕೂಡುತ್ತೇನೆ, ಜೋಳದಲ್ಲಿ ಒಂದೂ ಹರಳಿಲ್ಲದಿದ್ದರೂ.