ವಾರ್ಡ್‌ರೋಬಿನ ಅಡಿ ಸೇರಿದ ಮಡಿಕೋಲು

ಕಿಟ್ಟಣ್ಣನ ಮಂಡಿನೋವು ಬೆಳಿಗ್ಗೆಯಿಂದಲೇ ಹಟ ಹಿಡಿದಿತ್ತು. ಹಂಗಾರಕಟ್ಟೆಯಲ್ಲಿ ಅರ್ಧ ಆಯುಷ್ಯ ಮರದ ದೋಣಿ ಕಟ್ಟಿದ ಮನುಷ್ಯ ನೋಡಿ, ಆ ಕೈ ಎಂಥ ಕೈ! ಆದರೆ ಈಗ ಫೈಬರ್ ದೋಣಿಗಳ ಕಾಲ. ಸುಧೀರನ ಫರ್ನಿಚರ್ ಅಂಗಡಿ ಸೇರಿ, ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುವ ಮರದ ವಾರ್ಡ್‌ರೋಬುಗಳನ್ನು ಮನೆಮನೆಗೆ ಹೋಗಿ ಜೋಡಿಸುತ್ತಾನೆ. ಇವತ್ತು ಕೋಟದ ಗೋದಾವರಮ್ಮನ ಮನೆ, ನಾಳೆ ಬೈಂದೂರು.

ಗೋದಾವರಮ್ಮನ ಸೊಸೆ ರಮ್ಯಶ್ರೀ ಆರಿಸಿದ್ದು ಗೋಡೆ ತುಂಬುವಂಥ ಚೆಂದದ ವಾರ್ಡ್‌ರೋಬು. "ಹಳೇದೆಲ್ಲ ತೆಗೀರಿ" ಅಂದಿದ್ದಳು. ಕಿಟ್ಟಣ್ಣ ಸೂರಿನಿಂದ ತೂಗುತ್ತಿದ್ದ ಉದ್ದನೆಯ ಮರದ ಕೋಲನ್ನೂ ಇಳಿಸಿದ. ಹಳೇ ಮನೆ, ನೆಲ ಒಂದು ಕಡೆ ತಗ್ಗು, ವಾರ್ಡ್‌ರೋಬು ಮುಂದಕ್ಕೆ ವಾಲಿತು. ದೋಣಿ ಕಟ್ಟುವಲ್ಲಿ ಕಾಲಬುಡದಲ್ಲಿ ಬಿದ್ದ ಮರವನ್ನೇ ಕೊಯ್ದು ಅಡಿಗೆ ಆಧಾರ ಕೊಡುವುದು ರೂಢಿ. ಅದೇ ಕೈ, ಯೋಚಿಸಲಿಲ್ಲ. ಕೋಲು ನಾಲ್ಕು ತುಂಡಾಗಿ ಅಡಿ ಸೇರಿತು.

ಇನ್ನೇನು ಚೀಲ ಕಟ್ಟಿ ಬಸ್ಸಿಗೆ ಹೊರಡಬೇಕು, ಬಾವಿಕಟ್ಟೆಯಿಂದ ಗೋದಾವರಮ್ಮ ಒದ್ದೆ ಸೀರೆ ಹಿಡಿದು ಬಂದರು.

"ಹ್ವಾಯ್, ಯಾರೂ ಮುಟ್ಬೇಡಿ! ಕಿಟ್ಟ, ಇಲ್ಲಿದ್ದ್ ಮಡಿಕೋಲ್ ಎಲ್ಲಿ?"

ಮರುದಿನ ಅವರ ಅತ್ತೆಯ ತಿಥಿ. ಯಾರೂ ಮುಟ್ಟದಂತೆ ಆ ಕೋಲಿನ ಮೇಲೆ ಒಣಗಿದ ಮಡಿ ಸೀರೆ ಉಟ್ಟರೆ ಮಾತ್ರ ತಿಥಿಯ ಅಡುಗೆ. ಗುಜರಿಯವನು ಒಯ್ದ ಎನ್ನಬಹುದಿತ್ತು. ಸುಳ್ಳು ಹೇಳುವುದಕ್ಕೂ ಕಿಟ್ಟಣ್ಣನಲ್ಲಿ ಶಕ್ತಿ ಉಳಿದಿರಲಿಲ್ಲ.

"ಅಮ್ಮ, ಅದ್ ವಾರ್ಡ್‌ರೋಬಿನ್ ಅಡಿಗ್ ಹೋಯ್ತ್. ತುಂಡ್ ಮಾಡ್ದೆ."

"ಅಯ್ಯೋ ಮಾರಾಯ, ನಮ್ಮತ್ತೆ ಹಾಕ್ಸಿದ್ ಕೋಲದ್!"

ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಿಟ್ಟಣ್ಣ ಚೀಲ ಕೆಳಗಿಟ್ಟ. ವಾರ್ಡ್‌ರೋಬಿನ ಬಾಗಿಲು ತೆರೆದು, ಆಗಷ್ಟೇ ಕೂರಿಸಿದ್ದ ಸ್ಟೀಲ್ ರಾಡ್ ಬಿಚ್ಚಿದ.

"ಇದಾತ್ತಾ ಕಾಣಿ. ಸ್ವಲ್ಪ ಗಿಡ್ಡ."

"ನೀರ್ ಹೊಯ್ರೆ ಮಡಿಗ್ ಸೈ. ಸೀರೆ ಮಡ್ಚಿ ಹಾಕ್ತೆ."

"ಹಾಗಾದ್ರೆ ನನ್ನ ಡ್ರೆಸ್ಸೆಲ್ಲ ಎಲ್ಲಿ ತೂಗ್ಸುದು?" ರಮ್ಯಶ್ರೀ ಮುಖ ಊದಿಸಿದಳು.

"ನಾಳಿಗೆ ಇನ್ನೊಂದ್ ರಾಡ್ ತಕಂಡ್ ಬತ್ತೆ ಅಮ್ಮ."

ಅದೇ ಮಂಡಿಯಲ್ಲಿ ಮತ್ತೆ ಏಣಿ ಹತ್ತಿದ. ಸೂರಿನ ಹಳೇ ಕೊಕ್ಕೆಗಳಿಗೆ ಹಗ್ಗ ಬಿಗಿದು ರಾಡ್ ತೂಗುಹಾಕಿದ. ದೋಣಿಗೆ ಹಾಕುವ ಗಂಟು. ಗೋದಾವರಮ್ಮ ರಾಡಿನ ಮೇಲೆ ಚೊಂಬು ನೀರು ಎರಚಿ, ಸಣ್ಣ ಕೋಲಿನ ತುದಿಯಿಂದ ಸೀರೆ ಏರಿಸಿದರು. ಆಮೇಲೆ ವಾರ್ಡ್‌ರೋಬಿನ ಅಡಿಗೆ ಬಗ್ಗಿ ನೋಡಿದರು.

"ಆ ಕೋಲ್ ಅಲ್ಲೇ ಇರ್ಲಿ ಬಿಡ್, ತೆಗೀಬೇಡ. ನಮ್ಮತ್ತೆ ಸೀರೆ ಹೊತ್ತಿತ್ತ್, ನನ್ನದ್ ಹೊತ್ತಿತ್ತ್. ಇನ್ ಸೊಸೆದೂ ಹೊರ್ಲಿ. ನಿನ್ ಹಾಂಗೆ, ಅದ್ಕೂ ರಿಟೈರ್ಮೆಂಟ್ ಇಲ್ಲೆ!"

ಕಿಟ್ಟಣ್ಣನಿಗೆ ನಗು ಬಂತು, ಅರ್ಧದಲ್ಲೇ ನಿಂತಿತು. ಹೊರಗೆ ಹಂಗಾರಕಟ್ಟೆ ಬಸ್ಸು ಹಾರ್ನ್ ಹೊಡೆದು ಹೋಯಿತು. ಫೋನು ರಿಂಗಾಯಿತು, ಸುಧೀರ.

"ಎಂತ ಕಿಟ್ಟಣ್ಣ, ಕೋಟದ್ ಮುಗಿತಾ?"

ಕಿಟ್ಟಣ್ಣ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡ.

"ಇಲ್ಲೆ ಮಾರಾಯ. ನಾಳಿಗೆ ಬೈಂದೂರ್ ಮುಗ್ಸಿ ಮತ್ತ್ ಇಲ್ಲಿಗೇ ಬರ್ಕ್."