ಚಿಕ್ಕಪ್ಪ ಓದುತ್ತಿದ್ದ ಮುಳ್ಳು

ಯಂತ್ರಯುಗದಲ್ಲಿ ಮನುಷ್ಯ ತನ್ನ ಕಿವಿಗಿಂತ ಮೀಟರಿನ ಮುಳ್ಳನ್ನೇ ನಂಬಬೇಕು ಎಂಬುದು ಗಹನವಾದ ಸತ್ಯ. ನಮ್ಮ ಹಳೆಯ ಪಿಕಪ್ಪಿನಲ್ಲಿ ಮಾತ್ರ ಆ ಮುಳ್ಳು ಗಾಡಿ ಓಡಿಸುವವನಿಗೆ ಕಾಣುತ್ತಿರಲಿಲ್ಲ.

ಅರವತ್ತರ ದಶಕದ ಕೊನೆ. ಆಗಷ್ಟೇ ರಿಪೇರಿಯಾದ ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆಯೆಂದು ತೋರಿಸುವ ಮೀಟರನ್ನು ಚಿಕ್ಕಪ್ಪ ಸಾಗರದಲ್ಲಿ ಹಾಕಿಸಿದರು. ಸ್ಟೀರಿಂಗಿನ ಹಿಂದಿನ ಜಾಗದಲ್ಲಿ ದೇವರ ಪಟವಿತ್ತು. ಅದನ್ನು ಸರಿಸಲು ಅವರು ಒಪ್ಪಲಿಲ್ಲ. ಮೀಟರು ಎಡಗಡೆ, ಅವರ ಮುಂದೆಯೇ ಕೂತಿತು. ಅವರು ಓದಬೇಕು, ನಾನು ಓಡಿಸಬೇಕು.

ಹೆಂಚು ತುಂಬಿಕೊಂಡು ಹೊಸನಗರದ ದಾರಿಯ ಇಳಿಜಾರಿಗೆ ಬಂದಾಗ ಬ್ರೇಕ್ ಪೆಡಲು ನೆಲ ಮುಟ್ಟಿತು. ಎರಡನೇ ಗೇರಿಗೆ ಇಳಿಸಿದೆ. ಇಂಜಿನ್ ಅರಚಿತು.

“ಮುಳ್ಳು ಕೆಂಪಿಗೆ ಬಂತು. ಮೂರಕ್ಕೆ ಹಾಕೋ,” ಎಂದರು ಚಿಕ್ಕಪ್ಪ.

“ಬ್ರೇಕ್ ಹಿಡೀತಿಲ್ಲ ಚಿಕ್ಕಪ್ಪ. ಈ ಗೇರೇ ಗಾಡೀನ ತಡೆದಿರೋದು.”

“ಇಂಜಿನ್ ಹೋದ್ರೆ?”

“ಗೇರ್ ಬಿಟ್ರೆ ನಾವೇ ಹೋಗ್ತೀವಿ.”

ಅವರು ಯೋಚಿಸಿದರು. ಯೋಚಿಸುವಂಥದ್ದು ಅದರಲ್ಲೇನಿತ್ತೋ ನನಗೆ ಇಂದಿಗೂ ತಿಳಿಯದು. ಕೊನೆಗೆ ಹೆಗಲ ಮೇಲಿನ ಟವೆಲನ್ನು ಮೀಟರಿನ ಮೇಲೆ ಹೊದಿಸಿ, “ಹಂಗಾದ್ರೆ ನಡಿ,” ಎಂದರು.

ಇಳಿಜಾರು ಮುಗಿದು, ಮುಂದಿನ ಏರಿನಲ್ಲಿ ಗಾಡಿ ನಿಂತಿತು. ನಮಗೇನೂ ಆಗಿರಲಿಲ್ಲ. ಇಂಜಿನ್ನಿನ ಬೇರಿಂಗ್ ಹೋಗಿತ್ತು.